ಸೇಟ್ರ ಪುಸ್ತಕಗಳಿಗೆ ಸುತ್ತಿದ ಬಟ್ಟೆ

ಜೂನ್ ತಿಂಗಳ ಕೊನೆಗೆ ಒಬ್ಬ ಹೆಂಗಸು ನಮ್ಮ ಗ್ರಂಥಾಲಯಕ್ಕೆ ಬಂದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಮೇಜಿನ ಮುಂದೆ ನಿಂತು ಕೇಳಿದರು: "ಉಡುಪಿಯ ಜವಳಿ ಸೇಟ್ರ ಪುಸ್ತಕಗಳು ನಿಮ್ಮ ಹತ್ತಿರ ಉಂಟಂತೆ, ಅಲ್ವಾ?"

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ದಿನಕ್ಕೆ ನೂರು ಜನ ನೂರು ಪುಸ್ತಕ ಕೇಳುತ್ತಾರೆ. ಈ ಪ್ರಶ್ನೆಯನ್ನು ಮಾತ್ರ ಹದಿನಾರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳುವವರು ಬರುತ್ತಾರೆ ಎಂದು ಮೊದಲ ಎರಡು ಮೂರು ವರ್ಷ ಕಾದಿದ್ದೆ. ಆಮೇಲೆ ಕಾಯುವುದನ್ನು ಯಾವಾಗ ಬಿಟ್ಟೆ ಎಂಬುದು ನೆನಪಿಲ್ಲ.

"ಉಂಟು," ಎಂದೆ. "ವಾಪಸು ಕೊಡಬೇಕಾದವು ಇಲ್ಲಿ ಅಲ್ಲ, ನನ್ನ ಮನೆಯಲ್ಲಿ. ನಾಳೆ ಬರ್ತೀರಾ?"

ಆ ಸಂಜೆ ಕಾಪುವಿನ ಮನೆಯಲ್ಲಿ ಮಂಚದ ಕೆಳಗಿನ ತಗಡಿನ ಟ್ರಂಕನ್ನು ಎಳೆದು ತೆರೆದೆ. ಬಜೆ ಬೇರಿನ ಘಾಟು, ಹಳೆಯ ಕಾಗದ, ಗಂಜಿ ಹಾಕಿದ ಬಟ್ಟೆ, ಎಲ್ಲ ಒಟ್ಟಿಗೆ ಮೂಗಿಗೆ ಬಂತು. ಅದರ ಅಡಿಯಲ್ಲಿ ಆಸ್ಪತ್ರೆಯ ನೆಲ ಒರೆಸುವ ಔಷಧಿಯ ವಾಸನೆಯೂ ಇತ್ತು ಎಂದು ನನಗೆ ಅನ್ನಿಸಿತು. ಹದಿನಾರು ವರ್ಷ ಒಂದು ಔಷಧಿಯ ವಾಸನೆ ಉಳಿಯುವುದಿಲ್ಲ. ಅದು ಮೂಗಿನದ್ದಲ್ಲ, ತಪ್ಪಿತಸ್ಥ ಮನಸ್ಸಿನ ವಾಸನೆ ಇರಬೇಕು.

ಟ್ರಂಕಿನಲ್ಲಿ ಹನ್ನೊಂದು ಪುಸ್ತಕಗಳಿದ್ದವು, ಆ ವರ್ಷದ ನನ್ನ ಡೈರಿಯೂ ಇತ್ತು. ನೆನಪಿಗೂ ಡೈರಿಗೂ ಜಗಳ ಬಂದರೆ ಡೈರಿಯನ್ನು ನಂಬಬೇಕು ಎಂದು ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಆದರೆ ಡೈರಿ ಬರೆದವಳೂ ನಾನೇ. ತನ್ನ ತಪ್ಪನ್ನು ಸಣ್ಣದು ಮಾಡಿ ಬರೆಯುವುದು ಆ ಇಪ್ಪತ್ತನಾಲ್ಕರ ಹುಡುಗಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

ಅದು ಹದಿನಾರು ವರ್ಷದ ಹಿಂದಿನ ಆಟಿ, ಜುಲೈ ಆಗಸ್ಟಿನ ಮಳೆಯ ತುಳು ತಿಂಗಳು. ನಮ್ಮಲ್ಲಿ ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಾಗಾಗಿ ಜವಳಿ ಅಂಗಡಿಗೆ ಕೆಲಸವೂ ಇಲ್ಲ. ಕಡಲಿಗೆ ದೊಡ್ಡ ಬೋಟುಗಳು ಇಳಿಯುವುದಿಲ್ಲವಾದ್ದರಿಂದ ಅಪ್ಪ ಮನೆಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದರು. ಅಮ್ಮ ಮಾತ್ರ ಹೊಳೆಮೀನೋ ಒಣಮೀನೋ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದಳು. ನಾನು ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಮುಗಿಸಿ, ಎಲ್ಲಿಗೆಲ್ಲ ಅರ್ಜಿ ಹಾಕಿ, ಉತ್ತರ ಬಾರದೆ ಮನೆಯಲ್ಲಿದ್ದೆ. ಅಮ್ಮ ಒಂದು ದಿನ ಉಡುಪಿಯಿಂದ ಬಂದವಳೇ ಹೇಳಿದಳು: "ದೇವ್ಜಿ ಸೇಟ್ರಿಗೆ ಪುಸ್ತಕದ ಕೆಲಸ ಗೊತ್ತಿರುವವರು ಬೇಕಂತೆ. ನನ್ನ ಮಗಳು ಪುಸ್ತಕ ಜೋಡಿಸ್ಲಿಕ್ಕೆ ಐದು ವರ್ಷ ಕಲ್ತಿದ್ದಾಳೆ ಅಂತ ಹೇಳಿ ಬಂದೆ."

"ಎರಡು ವರ್ಷ, ಅಮ್ಮ."

"ಆಯ್ತು, ಎರಡು. ಜೋಡಿಸ್ಲಿಕ್ಕೆ ಎರಡು ವರ್ಷವೂ ಜಾಸ್ತಿಯೇ."

ಅಮ್ಮ ಮಾತಾಡಿದ್ದು ತುಳುವಿನಲ್ಲಿ. ಡೈರಿ ಅದನ್ನು ಕನ್ನಡಕ್ಕೆ ತಂದಿದೆ, ತರುವಾಗ ಅರ್ಧ ಖಾರ ಕಳೆದಿದೆ. ಇನ್ನು ಮುಂದೆಯೂ ಹಾಗೆಯೇ ಎಂದು ತಿಳಿಯಬೇಕು.

ದೇವ್ಜಿ ಸೇಟ್ರನ್ನು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಕಚ್ಛದ ಮಾಂಡವಿಯಿಂದ ಹದಿನೇಳನೇ ವಯಸ್ಸಿನಲ್ಲಿ ಉಡುಪಿಯಲ್ಲಿದ್ದ ಮಾವನ ಜವಳಿ ಅಂಗಡಿಗೆ ಬಂದವರು. ಮೊದಲ ಹತ್ತು ಹದಿನೈದು ವರ್ಷ ಅವರ ಕೆಲಸ ಅಂಗಡಿಯಲ್ಲಿ ಇರಲಿಲ್ಲ, ದಾರಿಯಲ್ಲಿತ್ತು. ಸೀರೆ, ಮುಂಡು, ಲುಂಗಿಗಳ ಗಂಟು ಹೊತ್ತು ಒಂದು ದಿನ ಕಾಪು, ಒಂದು ದಿನ ಕಾರ್ಕಳ, ಮತ್ತೊಂದು ದಿನ ಕಲ್ಯಾಣಪುರ, ಹೆಬ್ರಿ. ತುಳು ಕಲಿತದ್ದು ಜಗಲಿಗಳಲ್ಲಿ. ನಾನು ನೋಡುವಾಗ ಅವರಿಗೆ ಎಪ್ಪತ್ತನಾಲ್ಕು. ಬಿಳಿ ಅಂಗಿ, ಬಿಳಿ ಧೋತರ, ಕಪ್ಪು ಟೊಪ್ಪಿ. ಅವರ ತುಳುವಿನಲ್ಲಿ ನಮ್ಮ ಅಜ್ಜಿಯರ ಕಾಲದ ಮಾತುಗಳಿದ್ದವು, ಉಚ್ಚಾರ ಮಾತ್ರ ಮಾಂಡವಿಯದ್ದು.

ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಮರದ ಕಪಾಟು. ಅದರ ತುಂಬ ಗಂಟುಗಳು. ಒಂದೊಂದು ಗಂಟಿನಲ್ಲಿ ಒಂದೊಂದು ಪುಸ್ತಕ. ನೂರೈವತ್ತಕ್ಕಿಂತ ಹೆಚ್ಚಿತ್ತು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ; ಡೈರಿಯಲ್ಲಿ ನೂರ ಮೂವತ್ತೆರಡು. ಕಲ್ಲಚ್ಚಿನಲ್ಲಿ ಮುದ್ರಿಸಿದ ಯಕ್ಷಗಾನ ಪ್ರಸಂಗಗಳು, ಕೈಬರಹದ ಮದ್ದಿನ ಪುಸ್ತಕಗಳು, ಯಾವುದೋ ಕಾಲದ ಶಾಲಾ ಭೂಗೋಳ, ಮುಖಪುಟ ಕಳೆದ ಪಂಚಾಂಗಗಳು. ಒಮ್ಮೆ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ನೋಡಿ, ಇವುಗಳಲ್ಲಿ ಕೆಲವಕ್ಕೆ ಬೇರೆ ಪ್ರತಿ ಎಲ್ಲಿಯೂ ಇರಲಿಕ್ಕಿಲ್ಲ, ಎಲ್ಲವನ್ನೂ ನಮಗೆ ಮಾರಿ ಎಂದು ಕೇಳಿದ್ದರಂತೆ. "ನಾನು ಮಾರುವುದು ಬಟ್ಟೆ," ಎಂದು ಸೇಟ್ರು ಅವರಿಗೆ ಒಂದು ಟವೆಲು ಮಾರಿ ಕಳಿಸಿದ್ದರು.

ನನ್ನನ್ನು ಅವರು ಮೊದಲ ದಿನದಿಂದಲೇ 'ಟೀಚರೇ' ಎಂದು ಕರೆದರು. ಕಪಾಟು ತೋರಿಸಿ ಹೇಳಿದ್ದು ಇಷ್ಟು: "ಪಟ್ಟಿ ಮಾಡಬೇಕು, ಟೀಚರೇ. ನವರಾತ್ರಿಗೆ ಅಂಗಡಿ ಬಿಡ್ತೇವೆ. ಮನೆಯವಳು ಮಣಿಗೆ ಮೊಣಗಂಟು ನೋವು, ಮಗಳು ಭುಜ್‌ಗೆ ಕರೀತಾಳೆ. ಅದರೊಳಗೆ ಎಲ್ಲ ಸರಿ ಆಗಬೇಕು."

'ಯಾವ ಪುಸ್ತಕ ಯಾವ ಮನೆಯದ್ದು ಎಂದು ಪಟ್ಟಿ ಮಾಡಿ' ಎಂದು ತಾವು ಸ್ಪಷ್ಟವಾಗಿ ಹೇಳಿದ್ದಾಗಿ ಸೇಟ್ರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ಡೈರಿಯಲ್ಲಿ 'ಪಟ್ಟಿ' ಎಂಬ ಒಂದು ಪದ ಮಾತ್ರ ಇದೆ. ಅವರು ಹೇಳಿರಬಹುದು. ಹೊಸ ಪದವಿಯ ಹುಡುಗಿಗೆ ಕೇಳದೆ ಹೋಗಿರಬಹುದು.

ನಾನು ಕಲಿತ ಪ್ರಕಾರ ಕೆಲಸ ಶುರು ಮಾಡಿದೆ. ಗಂಟು ಬಿಚ್ಚುವುದು, ಶೀರ್ಷಿಕೆ ಬರೆಯುವುದು, ಪುಟ ಎಣಿಸುವುದು, ಪುಸ್ತಕದ ಸ್ಥಿತಿಯನ್ನು ಗುರುತು ಮಾಡುವುದು: 'ಬೆನ್ನು ಸಡಿಲ', 'ಗೆದ್ದಲಿನ ತೂತು', 'ಕೆಳ ಅಂಚಿನಲ್ಲಿ ನೀಲಿ ಕಲೆ'. ಸುತ್ತಿದ್ದ ಬಟ್ಟೆಗಳು ನನಗೆ ಹೇಸಿಗೆ ತರಿಸುತ್ತಿದ್ದವು. ಹಳೆ ಸೀರೆಯ ತುಂಡು, ಲುಂಗಿಯ ಚೂರು, ಯಾರದೋ ರವಿಕೆಯ ಬೆನ್ನು, ತೊಟ್ಟಿಲಿಗೆ ಕಟ್ಟಿದ ಬಟ್ಟೆ. ಎಲ್ಲದಕ್ಕೂ ಮಳೆಗಾಲದ ಬೂಷ್ಟು. ಪುಸ್ತಕದ ಶತ್ರು ಬೂಷ್ಟು ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ.

ಸೇಟ್ರು ಭುಜ್‌ನ ಮನೆ ನೋಡಿ ಬರಲು ಹತ್ತು ದಿನ ಹೋದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿ ಆಶ್ಚರ್ಯಪಡಿಸಬೇಕೆಂದು ನಾನು ಅಂದುಕೊಂಡೆ. ಅವರ ಹೆಂಡತಿ ಮಣಿಬಾಯಿಗೆ ನನಗಿಂತ ಹುರುಪು. "ನಲ್ವತ್ತು ವರ್ಷದಿಂದ ಹೇಳ್ತಾ ಇದ್ದೇನೆ ಮಗಾ," ಎಂದರು. "ಈ ಮನುಷ್ಯ ಊರಿಗೆಲ್ಲ ಹೊಸ ಬಟ್ಟೆ ಕೊಡ್ತದೆ, ಮನೆಗೆ ಚಿಂದಿ ತರ್ತದೆ." ಬಚ್ಚಲ ಹಂಡೆಗೆ ಬೆಂಕಿ ಹಾಕಿ ನೀರು ಕುದಿಸಿಕೊಟ್ಟರು. ನಾನು ಸೋಪಿನ ಪುಡಿ ಹಾಕಿದೆ, ನೆಲ ಒರೆಸುವ ಔಷಧಿ ಹಾಕಿದೆ, ಬೂಷ್ಟು ಹೋಗದ್ದಕ್ಕೆ ಬ್ಲೀಚಿಂಗ್ ಪುಡಿಯನ್ನೂ ಹಾಕಿದೆ. ಮೂರು ದಿನ ಮಹಡಿಯ ಜಗಲಿಯ ತುಂಬ ಹಗ್ಗ ಕಟ್ಟಿ ಒಣಗಿಸಿದೆವು. ಆಟಿಯ ಮಳೆಗೆ ಒಣಗದ್ದನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದೆವು. ಕೊನೆಗೆ ಬಟ್ಟೆಗಳನ್ನು ಅಳತೆಯ ಪ್ರಕಾರ ಮಡಚಿ ಒಂದು ಅಟ್ಟಿ ಮಾಡಿದೆ. ಪುಸ್ತಕಗಳಿಗೆ ಬಿಳಿ ಕಾಗದದ ಹೊದಿಕೆ, ಒಂದರಿಂದ ನೂರ ಮೂವತ್ತೆರಡರವರೆಗೆ ಸಂಖ್ಯೆ. ಅಷ್ಟು ಚಂದದ ಕೆಲಸವನ್ನು ನಾನು ಆಮೇಲೆ ಮಾಡಿದ್ದು ಕಡಿಮೆ.

ಸೇಟ್ರು ಹಿಂತಿರುಗಿದ ಮಧ್ಯಾಹ್ನ ಜಡಿಮಳೆ ಇತ್ತು ಎಂದು ನನ್ನ ನೆನಪು. ಡೈರಿ ಹೇಳುತ್ತದೆ: 'ಇವತ್ತು ಬಿಸಿಲು.' ಅವರು ಚೀಲ ಕೆಳಗಿಡದೆ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಬಟ್ಟೆಯ ಅಟ್ಟಿಯನ್ನು ನೋಡಿದರು. ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ಸರಿಯಾಗಿಯೇ ನೆನಪಿಟ್ಟಿದ್ದೇನೆ, ಅದಕ್ಕೆ ಡೈರಿ ಬೇಡ.

"ಎಲ್ಲ ಮನೆಗೆ ಹೋಯ್ತಾ?" ಎಂದು ಕೇಳಿದರು. "ಹತ್ತೇ ದಿನದಲ್ಲಿ?"

ನನಗೆ ಅರ್ಥವಾಗಲಿಲ್ಲ. "ಎಲ್ಲಿಗೂ ಹೋಗ್ಲಿಲ್ಲ ಸೇಟ್ರೆ, ಕಪಾಟಿನಲ್ಲಿ ಉಂಟು," ಎಂದು ಬಾಗಿಲು ತೆರೆದು ತೋರಿಸಿದೆ.

ಅವರು ಬಿಳಿ ಹೊದಿಕೆಯ ಸಾಲುಗಳನ್ನು ನೋಡಿದರು. ಮತ್ತೆ ಬಟ್ಟೆಯ ಅಟ್ಟಿಯನ್ನು ನೋಡಿದರು. ಚೀಲ ಕೆಳಗಿಟ್ಟು ನೆಲದಲ್ಲೇ ಕೂತರು. ಮೇಲಿನ ಬಟ್ಟೆಯನ್ನು ತೆಗೆದು ಬಿಡಿಸಿ, ಬೆಳಕಿಗೆ ಹಿಡಿದು, ಮಡಚಿ ಬದಿಗಿಟ್ಟರು. ಇನ್ನೊಂದು ತೆಗೆದರು. ಐದಾರು ಬಟ್ಟೆಗಳಾದ ಮೇಲೆ, "ಮಣೀ, ಚಹಾ ಮಾಡು," ಎಂದರು.

"ಟೀಚರೇ, ನೀವು ನನ್ನ ಅಕ್ಷರ ತೊಳೆದು ಬಿಟ್ಟಿರಿ" ಎಂದು ಅವರು ಹೇಳಿದಂತೆ ನನಗೆ ನೆನಪು. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಡೈರಿಯಲ್ಲಿ ಈ ಮಾತಿಲ್ಲ. ಅದರಲ್ಲಿರುವುದು: 'ಸೇಟ್ರು ಬೈಯಲಿಲ್ಲ. ಚಹಾ ಕುಡಿದರು. ನನಗೂ ಕೊಟ್ಟರು.' ಆ ಮಾತನ್ನು ನಾನೇ ಆಮೇಲೆ ಕಟ್ಟಿರಬೇಕು. ಬೈಸಿಕೊಳ್ಳದ ತಪ್ಪಿಗೆ ಒಂದು ಬೈಗುಳ ಬೇಕಾಗಿತ್ತೋ ಏನೋ.

ಚಹಾ ಕುಡಿಯುತ್ತ ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ಪುಸ್ತಕಗಳನ್ನು ಅವರು ಕೊಂಡಿರಲಿಲ್ಲ. ಗಂಟು ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ಕಾರ್ಕಳದ ಒಂದು ಮನೆಯಲ್ಲಿ ಬಚ್ಚಲ ಒಲೆಗೆ ಹಳೆಯ ಪುಸ್ತಕದ ಹಾಳೆ ಹರಿದು ಹಾಕುತ್ತಿದ್ದರು. ಅದರಲ್ಲಿ ನಕ್ಷೆಗಳಿದ್ದವು. ಹುಡುಗನಾಗಿದ್ದ ಸೇಟ್ರು ಆ ನಕ್ಷೆಯಲ್ಲಿ ಕಚ್ಛವನ್ನು ಕಂಡರು. "ಸುಡಬೇಡಿ, ನಾನು ಇಟ್ಟುಕೊಳ್ತೇನೆ, ಯಾವಾಗ ಬೇಕಾದರೂ ಕೇಳಿ, ವಾಪಸ್ ಕೊಡ್ತೇನೆ," ಎಂದರು. ಮಳೆ ಬರುತ್ತಿತ್ತು. ಆ ಮನೆಯ ಅಜ್ಜಿ ಪುಸ್ತಕ ಒದ್ದೆಯಾಗದ ಹಾಗೆ ಹಳೆ ಸೀರೆಯ ತುಂಡು ಹರಿದು ಸುತ್ತಿಕೊಟ್ಟರು. ಆ ಸೀರೆಯನ್ನು ಎರಡು ವರ್ಷದ ಹಿಂದೆ ಅವರಿಗೆ ಮಾರಿದ್ದು ಸೇಟ್ರೇ.

ಅಲ್ಲಿಂದ ಅದು ಪದ್ಧತಿಯಾಯಿತು. ಮನೆಯವರಿಗೆ ಬೇಡವಾದ ಪುಸ್ತಕವನ್ನು ಅವರು ಇಟ್ಟುಕೊಳ್ಳುತ್ತಿದ್ದರು, ಮನೆಯದ್ದೇ ಒಂದು ಬಟ್ಟೆ ಕೇಳಿ ಸುತ್ತುತ್ತಿದ್ದರು. ಕನ್ನಡ ಅಕ್ಷರಗಳನ್ನು ಆ ಭೂಗೋಳದಿಂದಲೇ ಕಲಿತರು, ಆದರೂ ಓದುವುದು ನಿಧಾನ. ಬಟ್ಟೆ ಓದುವುದಕ್ಕೆ ನಿಧಾನ ಬೇಡ. ಗಂಟು ನೋಡಿದರೆ ಮನೆ ಗೊತ್ತು: ಇದು ಕಾಪುವಿನ ಇಂಥವರು ತೆಗೆದುಕೊಂಡ ಸೀರೆ, ಇದು ಅಂಬಲಪಾಡಿಯ ಇಂಥವರ ಮುಂಡು. ಯಾರಾದರೂ ಬಂದು ಕೇಳಿದರೆ ಪುಸ್ತಕ ಕೊಟ್ಟು ಬಟ್ಟೆಯನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಪುಸ್ತಕವಿಲ್ಲದ ಬಟ್ಟೆ ಎಂದರೆ ಆ ಪುಸ್ತಕ ಮನೆಗೆ ಹೋಯಿತು ಎಂದು ಅರ್ಥ. ನಾನು ಮಡಚಿಟ್ಟ ಅಟ್ಟಿಯನ್ನು ನೋಡಿದಾಗ ಅವರ ಮುಖ ಅರಳಿದ್ದು ಅದಕ್ಕೆ.

"ಹೋಗುವ ಮುಂಚೆ ಎಲ್ಲರ ಪುಸ್ತಕ ಎಲ್ಲರಿಗೆ ಕೊಡಬೇಕು ಅಂತ ಇತ್ತು," ಎಂದರು. "ಯಾವಾಗ ಬೇಕಾದರೂ ಕೇಳಿ ಅಂತ ಹೇಳಿದ್ದೇನೆ. ಭುಜ್‌ಗೆ ಬಂದು ಕೇಳ್ತಾರಾ?"

ನವರಾತ್ರಿಗೆ ಎರಡೂವರೆ ತಿಂಗಳಿತ್ತು.

ಆ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಡೈರಿಯ ಪ್ರಕಾರ ಅಮ್ಮ ಸಿಗಡಿ ಚಟ್ನಿ ಮಾಡಿದ್ದಳು, ನಾನು ಎರಡು ಸಲ ಹಾಕಿಸಿಕೊಂಡೆ. ಆದರೆ ಮರುದಿನ ಅಂಗಡಿಗೆ ಹೋಗುವುದಿಲ್ಲ ಎಂದು ಹೇಳಿದ್ದೂ ಅದರಲ್ಲಿದೆ. ಅಮ್ಮ ಕಾರಣ ಕೇಳಿದಳು. ಹೇಳಿದೆ. ಅವಳು, "ಬೈದ್ರಾ?" ಎಂದಳು.

"ಇಲ್ಲ."

"ಹಾಗಾದ್ರೆ ಹೋಗ್ಲೇಬೇಕು. ಬೈದಿದ್ರೆ ಮನೆಯಲ್ಲಿ ಕೂತ್ಕೊಳ್ಳಬಹುದಿತ್ತು."

ಮರುದಿನ ಹೋದಾಗ ಸೇಟ್ರು ಒಂದು ಪುಸ್ತಕದ ಬಿಳಿ ಹೊದಿಕೆ ಬಿಚ್ಚಿ, ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ಟೀಚರೇ, ಇಲ್ಲಿ ನೋಡಿ. ಕೆಂಪು." ಅಗ್ಗದ ಕೆಂಪು ಸೀರೆಗಳಿಗೆ ಬಣ್ಣ ನಿಲ್ಲುವುದಿಲ್ಲ. ಯಾವುದೋ ಮಳೆಗಾಲದ ತೇವಕ್ಕೆ ಬಣ್ಣ ಬಿಟ್ಟು ಪುಸ್ತಕದ ಅಂಚಿಗೆ ಹಿಡಿದಿತ್ತು. ನಾನು ಡೈರಿ ತೆಗೆದೆ. ಪುಸ್ತಕದ ಸ್ಥಿತಿ ಬರೆಯುವಾಗ ಪ್ರತಿಯೊಂದು ಕಲೆಯನ್ನೂ ಬರೆದಿದ್ದೆ: ನೀಲಿ, ಗುಲಾಬಿ, ಜರಿಯ ಹಸಿರು ಗೆರೆ, ದಪ್ಪ ನೇಯ್ಗೆಯ ಗುರುತು. ನಾನು ದೋಷ ಎಂದು ಬರೆದದ್ದೆಲ್ಲ ಅವರಿಗೆ ವಿಳಾಸವಾಗಿತ್ತು. ನಾನು ಓದಿ ಹೇಳುವುದು, ಅವರು ಅಟ್ಟಿಯಿಂದ ಬಟ್ಟೆ ತೆಗೆಯುವುದು. "ನೀಲಿ, ಚೌಕುಳಿ ಗುರುತು" ಎಂದರೆ, "ಲುಂಗಿ. ಮೂರು ಉಂಟು, ಇರಿ" ಎಂದು ಮೂರನ್ನೂ ಪುಸ್ತಕದ ಮೇಲೆ ಇಟ್ಟು ಚೌಕುಳಿಗಳನ್ನು ಹೊಂದಿಸಿ ನೋಡುತ್ತಿದ್ದರು. ಆಟಿ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳು ತಮ್ಮ ತಮ್ಮ ಬಟ್ಟೆಗೆ ಸೇರಿದವು.

ತೊಂದರೆಯಾದದ್ದು ಬ್ಲೀಚಿಂಗ್ ಪುಡಿ ಕಂಡ ಬಟ್ಟೆಗಳದ್ದು. ನಲವತ್ತರಷ್ಟು ಇದ್ದವು, ಎಲ್ಲವೂ ಒಂದೇ ಥರದ ತಿಳಿ ಬಣ್ಣ. ಅವುಗಳನ್ನು ಮಾರಿದ್ದು ನೆನಪಾಗುತ್ತದೆ, ಯಾರಿಗೆ ಎಂಬುದು ಬರುತ್ತಿಲ್ಲ ಎಂದು ಸೇಟ್ರು ಹಣೆ ಉಜ್ಜಿಕೊಂಡರು. ಆಗಲೇ ನನಗೆ ಅಮ್ಮನ ನೆನಪಾಯಿತು.

ಇಲ್ಲಿ ಒಂದು ವಿಷಯ ಬರೆಯಬೇಕು, ಬರೆಯದಿದ್ದರೆ ಉಳಿದದ್ದಕ್ಕೆ ಬೆಲೆ ಇಲ್ಲ. ಹಾಸ್ಟೆಲಿನಲ್ಲಿ ಅಮ್ಮ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ನಾನು 'ಸಣ್ಣ ವ್ಯಾಪಾರ' ಎನ್ನುತ್ತಿದ್ದೆ. ಮೀನು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಈಗ ನಾನೇ ಅವಳಿಗೆ, "ಅಂಗಡಿಗೆ ಬಾ, ನಿನ್ನಿಂದ ಒಂದು ಕೆಲಸ ಆಗಬೇಕು," ಎಂದೆ.

ಅಮ್ಮ ಬುಟ್ಟಿಯನ್ನು ಕೆಳಗೆ ರಸ್ತೆಯ ಆಚೆ ಬದಿಯಲ್ಲಿಟ್ಟು, ಅಂಗಡಿಯ ನಲ್ಲಿಯಲ್ಲಿ ಕೈಕಾಲು ತೊಳೆದು ಮೇಲೆ ಬಂದಳು. ಮಣಿಬಾಯಿ ಮೀನಿನ ಹೆಸರು ಕೇಳಿದರೆ ಸೆರಗನ್ನು ಮೂಗಿಗೆ ಹಿಡಿಯುವವರು. ಬಾಗಿಲಲ್ಲೇ ಕೇಳಿದರು: "ಗಿರಿಜಕ್ಕ, ಕೈ ಸರಿ ತೊಳೆದಿದ್ದೀಯಾ?"

"ತೊಳೆದಿದ್ದೇನೆ ಅಮ್ಮಾ. ನನ್ನ ಮಗಳು ತೊಳೆದ ಹಾಗೆ ಎಲ್ಲ ಹೋಗುವಷ್ಟಲ್ಲ."

ಸೇಟ್ರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಬಟ್ಟೆಗಳನ್ನು ನೆಲದ ಮೇಲೆ ಹರಡಿದೆವು. ಮೂವತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಮನೆಗಳ ಹಿಂಬಾಗಿಲಿಗೆ ಹೋದವಳು ಅಮ್ಮ. ಹೆಂಗಸರನ್ನು ಅವಳು ಮದುವೆಮನೆಯ ಸೀರೆಯಲ್ಲಿ ಕಂಡದ್ದಿಲ್ಲ. ಮನೆಯಲ್ಲಿ ಉಟ್ಟು ಉಟ್ಟು ಸವೆದ ಸೀರೆಯಲ್ಲಿ, ಹಗ್ಗದಲ್ಲಿ ಒಣಗುವ ಸೀರೆಯಲ್ಲಿ ಕಂಡವಳು. ಹೊಸ ಬಟ್ಟೆಯನ್ನು ಸೇಟ್ರು ಬಲ್ಲರು, ಬಣ್ಣ ಹೋದ ಬಟ್ಟೆಯನ್ನು ಬಲ್ಲವಳು ಅವಳು.

"ಇದು ಪಡುಮನೆ ದೊಡ್ಡಕ್ಕನದ್ದು," ಎಂದಳು. "ಇದನ್ನೇ ಉಟ್ಟುಕೊಂಡು ಬಂಗುಡೆಗೆ ಚೌಕಾಸಿ ಮಾಡ್ತಿದ್ದದ್ದು. ಒಂದು ಬಂಗುಡೆ ಹೆಚ್ಚು ಹಾಕದೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟವಳಲ್ಲ. ಇದು ಮೇಷ್ಟ್ರ ಮನೆಯ ಸೊಸೆದ್ದು, ಬಾಣಂತನದಲ್ಲಿ ಉಟ್ಟದ್ದು. ಇದು... ಇದು ಯಾರದ್ದಪ್ಪ... ಹಾಂ, ಮೂಲೆಯಲ್ಲಿ ಹೊಲಿಗೆ ನೋಡಿ. ಇಷ್ಟು ಕೆಟ್ಟ ಹೊಲಿಗೆ ಮೂಳೂರಿನ ಲಲಿತಾಂದೇ."

"ನಾನು ಮಾರಿದ್ದು ನನಗೆ ಗೊತ್ತು, ಅವಳು ಹೊಲಿದದ್ದು ನಿಮಗೆ ಗೊತ್ತು," ಎಂದರು ಸೇಟ್ರು. "ಗಿರಿಜಕ್ಕ, ನೀವು ಅಂಗಡಿ ಇಡಬೇಕಿತ್ತು."

"ನೀವು ಮೀನು ಮಾರಬೇಕಿತ್ತು ಸೇಟ್ರೆ, ಜನರಿಗೆ ಇಷ್ಟು ನಂಬಿಕೆ ಇದ್ರೆ ಬುಟ್ಟಿ ಬೇಗ ಖಾಲಿಯಾಗ್ತದೆ."

ಮಣಿಬಾಯಿ ಅಮ್ಮನಿಗೆ ಲೋಟದಲ್ಲಿ ಚಹಾ ತಂದಿಟ್ಟರು. ಹೋಗುವಾಗ ಅಮ್ಮ ಆ ಲೋಟವನ್ನು ತಾನೇ ತೊಳೆಯಹೋದಳು, ಮಣಿಬಾಯಿ ಕಸಿದುಕೊಂಡರು. ಇದು ಡೈರಿಯಲ್ಲಿ ಇದೆ, ಅಡಿಗೆರೆಯೊಂದಿಗೆ.

ಆಮೇಲೆ, ಆಟಿ ಕಳೆದು ಬರುವ ಸೋಣ ತಿಂಗಳಿಡೀ, ಬಸ್ಸು. ಸೇಟ್ರು ಹಳೆಯ ಪದ್ಧತಿಯಲ್ಲೇ ಒಂದು ದೊಡ್ಡ ಗಂಟು ಕಟ್ಟುತ್ತಿದ್ದರು, ಆದರೆ ಈಗ ಅದನ್ನು ಹೊರುವವಳು ನಾನು. ಒಂದು ದಿನ ಕಾಪು, ಒಂದು ದಿನ ಕಾರ್ಕಳ. ಕಲೆಯಿಂದ ಗುರುತು ಸಿಗದ ಪುಸ್ತಕಗಳಿಗೆ ಮನೆಯವರನ್ನೇ ಕೇಳಬೇಕಿತ್ತು. ಬಟ್ಟೆ ತೋರಿಸಿ, ನಿಮ್ಮ ಮನೆಯ ಪುಸ್ತಕ ಯಾವುದು ಎಂದರೆ ಕೆಲವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಅಜ್ಜನ ಮದ್ದಿನ ಪುಸ್ತಕವನ್ನು ಒಬ್ಬರು ಎದೆಗೆ ಒತ್ತಿಕೊಂಡರು. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ನನಗೆ ತನಗೆ ಎಂದು ಜಗಳ ಶುರುಮಾಡಿದರು. ಸೇಟ್ರು ಪುಸ್ತಕವನ್ನು ಅವರ ತಂಗಿಯ ಕೈಗೆ ಕೊಟ್ಟು ನಡೆದರು. ಕಲ್ಯಾಣಪುರದ ಹೊಳೆಬದಿಯ ಒಂದು ಮನೆಯವರೂ ಪುಸ್ತಕ ಕೊಟ್ಟದ್ದು ಸೇಟ್ರಿಗೆ ನೆನಪಿತ್ತು, ಯಾವುದೆಂದು ಕೇಳಲು ಎರಡು ಸಲ ಹೋದೆವು. ಡೈರಿಯಲ್ಲಿ ಎರಡೂ ಸಲ ಒಂದೇ ಪದ: 'ಬೀಗ.'

ಬೇಡ ಎಂದವರೂ ಇದ್ದರು. ಕಾರ್ಕಳದ ಆ ಮೊದಲ ಮನೆಯಲ್ಲಿ ಈಗ ಇದ್ದವರು ಅಜ್ಜಿಯ ಸೊಸೆ, ಅವರಿಗೇ ಎಪ್ಪತ್ತು ದಾಟಿತ್ತು. ಎಳನೀರು ಕೊಟ್ಟು ಕೂರಿಸಿದರು. ಸೇಟ್ರು ಭೂಗೋಳವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು.

"ನಮಗೆ ಎಂತಕ್ಕೆ ಸೇಟ್ರೆ," ಎಂದರು ಅವರು. "ಓದುವವರು ಯಾರಿದ್ದಾರೆ? ಇಟ್ಟರೆ ಮತ್ತೆ ಒಲೆಗೇ ಹೋಗ್ತದೆ. ನೀವೇ ಇಟ್ಟುಕೊಳ್ಳಿ."

ಸೇಟ್ರು ಕೈ ಹಿಂದೆ ತೆಗೆಯಲಿಲ್ಲ. "ಇಟ್ಟುಕೊಳ್ಳುವುದು ಬೇರೆ ಅಕ್ಕ. ಐವತ್ತು ವರ್ಷ ಇಟ್ಟುಕೊಂಡೆ. ಈಗ ಕೊಡ್ತೀರಾ?"

ಅವರಿಗೆ ವ್ಯತ್ಯಾಸ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಅವರು ಪುಸ್ತಕ ತೆಗೆದುಕೊಂಡು, ಒಮ್ಮೆ ಹಣೆಗೆ ಮುಟ್ಟಿಸಿ, "ಕೊಟ್ಟಿದ್ದೇನೆ," ಎಂದು ವಾಪಸು ಕೊಟ್ಟರು. ಬಸ್ಸು ಬೈಲೂರು ದಾಟಿತು. ಸೇಟ್ರು ನಕ್ಷೆಯ ಪುಟ ತೆರೆದು, ಬೆರಳಿಟ್ಟು, "ಮಾಂಡವಿ ಇಲ್ಲಿ," ಎಂದರು. "ಆ ದಿನ ಇದನ್ನು ನೋಡಿ ಅತ್ತುಬಿಟ್ಟೆ. ಅಜ್ಜಿ ಹಸಿವಾಗಿದೆ ಅಂತ ಗಂಜಿ ಹಾಕಿದ್ರು."

ಹಾಗೆ ಮನೆಯವರು ಒಪ್ಪಿ ಕೊಟ್ಟ ಸುಮಾರು ಪುಸ್ತಕಗಳು ಮಣಿಪಾಲದ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದವು. ಅವುಗಳ ಪಟ್ಟಿ ನೋಡಿಯೇ ನನಗೆ ಇಲ್ಲಿ ಕೆಲಸ ಸಿಕ್ಕಿತು ಎಂದು ನಾನು ಹೇಳುತ್ತಿರುತ್ತೇನೆ. ನೇಮಕದ ಪತ್ರ ಬಂದದ್ದು ಪುಸ್ತಕಗಳು ಬರುವುದಕ್ಕೆ ಮೊದಲು ಎಂದು ಡೈರಿ ಹೇಳುತ್ತದೆ. ಈ ಒಂದು ವಿಷಯದಲ್ಲಿ ನಾನು ಡೈರಿಯನ್ನು ನಂಬದಿರಲು ತೀರ್ಮಾನಿಸಿದ್ದೇನೆ.

ಕೊನೆಗೆ ಹನ್ನೊಂದು ಉಳಿದವು. ಬಟ್ಟೆ ಸಿಕ್ಕಿತ್ತು, ಮನೆ ಸಿಗಲಿಲ್ಲ. ಬ್ಲೀಚಿಂಗ್ ಪುಡಿ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಕಾಲೇಜಿಗೆ ಕೊಡೋಣವೇ ಎಂದೆ.

"ಬೇಡ. ಅಲ್ಲಿ ಕಾರ್ಡ್ ಕೇಳ್ತಾರೆ, ಸಹಿ ಕೇಳ್ತಾರೆ. ಇದು ನಿಮ್ಮ ಮನೆಯಲ್ಲಿ ಇರಲಿ. ಕೇಳಿದವರಿಗೆ ಕೊಡಿ."

"ಅವರದ್ದೇ ಅಂತ ಗೊತ್ತಾಗುವುದು ಹೇಗೆ ಸೇಟ್ರೆ?"

"ಐವತ್ತು ವರ್ಷದಲ್ಲಿ ನಾನು ಯಾರಿಗೂ ಕೇಳ್ಲಿಲ್ಲ. ಹಳೆ ಪುಸ್ತಕ ಬೇಕು ಅಂತ ಮಳೆಯಲ್ಲಿ ಬಂದವರು ಸುಳ್ಳು ಹೇಳ್ಲಿಕ್ಕೆ ಬರ್ತಾರಾ? ಕೊಟ್ಟ ಮೇಲೆ ಬಟ್ಟೆ ಮಾತ್ರ ನನಗೆ ಕಳಿಸಿ. ಆಗ ನನಗೆ ಗೊತ್ತಾಗ್ತದೆ."

ವಿಜಯದಶಮಿಯ ಮರುದಿನ ಅವರು ಹೋದರು. ಅಮ್ಮ ರೈಲುನಿಲ್ದಾಣಕ್ಕೆ ಬಂದಿದ್ದಳು, ಬುಟ್ಟಿ ಇಲ್ಲದೆ, ಸೇಟ್ರ ಅಂಗಡಿಯ ಸೀರೆ ಉಟ್ಟು.

ಜೂನ್‌ನಲ್ಲಿ ಬಂದ ಹೆಂಗಸಿನ ಹೆಸರು ಪ್ರಮೀಳಾ. ಮಣಿಪಾಲದಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸ, ಊರು ಹೆಬ್ರಿ. ಮರುದಿನ ಗಂಟುಗಳನ್ನು ಗ್ರಂಥಾಲಯಕ್ಕೆ ತಂದು ನನ್ನ ಮೇಜಿನ ಮೇಲಿಟ್ಟೆ. ಅವರಿಗೆ ಬೇಕಾದದ್ದು ಹಸುಗಳ ಕಾಯಿಲೆಯ ಪುಸ್ತಕ. ಹಾಸಿಗೆ ಹಿಡಿದ ಅವರ ತಾಯಿ ಒಂದು ತಿಂಗಳಿಂದ ಅದನ್ನೇ ಕೇಳುತ್ತಿದ್ದಾರೆ. ಅಜ್ಜಿ ಅದನ್ನು ಬಟ್ಟೆ ಸೇಟ್ರಿಗೆ ಕೊಟ್ಟದ್ದನ್ನು ತಾಯಿ ಚಿಕ್ಕವರಿದ್ದಾಗ ಕಂಡಿದ್ದರಂತೆ.

ಹನ್ನೊಂದರಲ್ಲಿ ಅಂಥದ್ದೊಂದು ಇತ್ತು. ಕಲ್ಲಚ್ಚಿನದ್ದು, ಅಂಚುಗಳಲ್ಲಿ ಪೆನ್ಸಿಲಿನಲ್ಲಿ ಯಾರೋ ತಮ್ಮ ಹಸುಗಳ ಹೆಸರು ಬರೆದಿದ್ದರು. "ನಮ್ಮ ಹಸುವಿನ ಹೆಸರು ಅದರಲ್ಲಿ ಉಂಟು ಅಂತ ಅಮ್ಮ ಹೇಳ್ತಾರೆ. ಕೆಂಪಿ ಅಂತ," ಎಂದರು ಪ್ರಮೀಳಾ. ನಾವಿಬ್ಬರೂ ಪುಟ ತಿರುವಿದೆವು. ಬೊಳ್ಳಿ ಇತ್ತು, ಕಾವೇರಿ ಇತ್ತು. ಕೆಂಪಿ ಇರಲಿಲ್ಲ. ಅವರು ಚೀಲದಿಂದ ಒಂದು ಫೋಟೋ ತೆಗೆದರು. ಅಜ್ಜಿಯ ಸೀರೆಯ ಅಂಚಿನಲ್ಲಿ ಗೋಪುರದ ಸಾಲು. ಈ ಪುಸ್ತಕದ ಬಟ್ಟೆಯಲ್ಲೂ ಗೋಪುರದ ಸಾಲು. ಆದರೆ ಫೋಟೋ ಕಪ್ಪುಬಿಳುಪು, ಬಟ್ಟೆಯ ಬಣ್ಣವನ್ನು ನಾನು ತೊಳೆದಿದ್ದೆ, ಗೋಪುರದ ಅಂಚಿನ ಸೀರೆ ಉಡದ ಮನೆ ಈ ಸೀಮೆಯಲ್ಲಿ ಇಲ್ಲ.

ನನ್ನ ಕೈ ಒಂದು ಫಾರ್ಮಿಗೆ ಹೋಯಿತು. ಗುರುತಿನ ಚೀಟಿ ಉಂಟಾ ಎಂದು ಕೇಳುವುದರಲ್ಲಿದ್ದೆ. ಆಗ ಬಾಗಿಲ ಹೊರಗೆ ಅವರ ಕೊಡೆಯಿಂದ ನೀರು ಇಳಿದು ನೆಲದ ಮೇಲೆ ಹರಿಯುತ್ತಿದ್ದದ್ದು ಕಂಡಿತು. ಎರಡು ದಿನ, ಎರಡು ಸಲ, ಕೆಲಸದ ಮಧ್ಯೆ ಮಳೆಯಲ್ಲಿ ಬಂದಿದ್ದರು. ಬಟ್ಟೆ ಬಿಚ್ಚಿಟ್ಟು ಪುಸ್ತಕ ಕೊಟ್ಟೆ.

ಹಸುವಿನ ಪುಸ್ತಕದ್ದು ಎಂದು ಚೀಟಿ ಬರೆದಿಟ್ಟು ಬಟ್ಟೆಯನ್ನು ಭುಜ್‌ಗೆ ಕಳಿಸಿದೆ. ಮಣಿಬಾಯಿ ತೀರಿಕೊಂಡು ಆರು ವರ್ಷವಾಯಿತು. ಸೇಟ್ರಿಗೆ ಈಗ ತೊಂಬತ್ತು, ಕಣ್ಣು ಕಾಣುವುದಿಲ್ಲ. ಎರಡು ವಾರ ಬಿಟ್ಟು ಅವರ ಮಗಳು ಫೋನು ಮಾಡಿ ಅವರ ಕೈಗೆ ಕೊಟ್ಟಳು.

"ಟೀಚರೇ, ಬಟ್ಟೆ ಬಂತು. ಯಾರು ಬಂದದ್ದು?"

"ಹೆಬ್ರಿಯವರು ಸೇಟ್ರೆ."

ಫೋನಿನಲ್ಲಿ ಬಟ್ಟೆ ಸರಿಯುವ ಸದ್ದು ಕೇಳಿಸಿತು. ಅವರ ಬೆರಳುಗಳು ಬಟ್ಟೆಯ ಮೇಲೆ ಹೋಗುತ್ತಿರಬೇಕು ಎಂದುಕೊಂಡೆ.

"ಇದು ಹೆಬ್ರಿಯದ್ದಲ್ಲ," ಎಂದರು. "ಕಲ್ಯಾಣಪುರದ್ದು. ಹೊಳೆಬದಿ ಮನೆ, ಬೀಗ ಹಾಕಿತ್ತಲ್ಲ, ಅವರದ್ದು. ಆವಾಗ ಬಣ್ಣ ಹುಡುಕ್ತಾ ಇದ್ದೆ, ಸಿಗ್ಲಿಲ್ಲ. ಈಗ ಕಣ್ಣು ಇಲ್ಲ, ನೂಲು ಸಿಗ್ತದೆ."

"ಹಾಗಾದರೆ ನಾನು ಮತ್ತೆ ತಪ್ಪು ಮಾಡಿದೆನಾ?"

ಸೇಟ್ರು, "ಆ ಹೆಬ್ರಿಯವರು ಅದನ್ನು ಓದ್ತಾರಾ?" ಎಂದು ಕೇಳಿದರು.

"ತಾಯಿ ಮಲಗಿದಲ್ಲೇ ಇದ್ದಾರೆ. ಮಗಳು ದಿನಾ ಎರಡು ಪುಟ ಓದಿ ಹೇಳ್ತಾರಂತೆ. ಒಂದು ಪುಟ ಬಿಟ್ಟರೆ ಅವರಿಗೆ ಗೊತ್ತಾಗ್ತದಂತೆ."

"ಮನೆಯಲ್ಲಿ ಹಸು ಉಂಟಾ?"

"ಈಗ ಇಲ್ಲ ಸೇಟ್ರೆ. ಕೊಟ್ಟಿಗೆಯನ್ನೇ ತೆಗೆದಿದ್ದಾರೆ."

ಅವರು ನಕ್ಕರು. ಅಮ್ಮ ಅಂಗಡಿಗೆ ಬಂದ ದಿನದ ನಗು ಅದು. ಸ್ವಲ್ಪ ಗಾಳಿ ಕಡಿಮೆಯಾಗಿತ್ತು, ಅಷ್ಟೇ.

"ಹಸು ಇಲ್ಲದೆ ಹಸುವಿನ ಪುಸ್ತಕ ಕೇಳಿದ್ರಲ್ಲ, ಟೀಚರೇ. ಹಾಗಾದ್ರೆ ಅವರದ್ದೇ."

ಫೋನು ಇಟ್ಟ ತಕ್ಷಣ ಇದನ್ನು ಡೈರಿಯಲ್ಲಿ ಬರೆದೆ, ಅವರು ಹೇಳಿದ ಹಾಗೆಯೇ. ಆಮೇಲೆ ಉಳಿದ ಹತ್ತು ಗಂಟುಗಳನ್ನು ಟ್ರಂಕಿನಿಂದ ತೆಗೆದು, ಬಿಚ್ಚದೆ, ಗಾಳಿಗೆ ಇಟ್ಟೆ.